ಪದಚರ್ಚೆ: 'ಮದ್ರಾಸ್ ಐ'ಗೆ ಬೋರ್ಡಿನಲ್ಲಿ ಏನು ಬರೆಯೋದು?

ಕೇಳಿದವರು, ತುಮಕೂರು: ಸಂಜೆಯೊಳಗೆ ಪೇಂಟರ್‌ಗೆ ಒಕ್ಕಣೆ ಕೊಡಬೇಕು. ಕ್ಯಾತ್ಸಂದ್ರದ ಕಡೆಯ ಒಂದು ಕ್ಲಿನಿಕ್ಕಿನ ಬಾಗಿಲಿಗೆ. ಡಾಕ್ಟರ್ ಹೇಳಿದ್ದು ಇಷ್ಟು: ಕಂಜಂಕ್ಟಿವೈಟಿಸ್ (ಅದೇ ಮದ್ರಾಸ್ ಐ) ವೈರಸ್‌ನಿಂದಲೂ ಬರುತ್ತದೆ, ಬ್ಯಾಕ್ಟೀರಿಯಾದಿಂದಲೂ ಬರುತ್ತದೆ. ಊರಿಗೆ ಊರೇ ಕಣ್ಣು ಕೆಂಪಗೆ ಮಾಡಿಕೊಂಡಾಗ ಕಾರಣ ಹೆಚ್ಚಾಗಿ ಅಡಿನೋವೈರಸ್ ಎಂಬ ವೈರಸ್. ಅದಕ್ಕೆ ಆ್ಯಂಟಿಬಯೋಟಿಕ್ ಡ್ರಾಪ್ಸ್ ಕೆಲಸ ಮಾಡುವುದಿಲ್ಲ. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದು ಸುಮ್ನೆ ಬಿಟ್ಟುಕೊಳ್ಳಬೇಡಿ. ನನಗೆ ಬೇಕಾದ್ದು ಮೂರು ಪದ: ರೋಗಕ್ಕೆ, ವೈರಸ್‌ಗೆ, ಕಣ್ಣಿನಲ್ಲಿ ಕಟ್ಟುವ ಕೊಳೆಗೆ. ರೋಗಕ್ಕೆ 'ಕೆಂಗಣ್ಣು' ಆಗಬಹುದಾ?

ಚಿಂತಾಮಣಿಯಿಂದ: ಬೇಡ. ಜನ ಕೆಂಗಣ್ಣಿಗೆ ಗುರಿಯಾಗುವುದು ಮೇಲಧಿಕಾರಿ ಎದುರಿಗೆ. ನಮ್ಮಲ್ಲಿ ತೆಲುಗು ಮನೆಗಳಲ್ಲಿ 'ಕಂಡ್ಲ ಕಲಕ' ಅನ್ನುತ್ತಾರೆ. ಕಲಕು ಕನ್ನಡದಲ್ಲೂ ಇದೆ. 'ಕಣ್ಕಲಕು' ಮಾಡಿಕೊಳ್ಳಿ.

ಶಿರಾದಿಂದ: ಕಣ್ಕಲಕು ಯಾರ ಬಾಯಲ್ಲೂ ಇಲ್ಲ. ಕಣ್ಣುಬೇನೆ. ಮುಗಿಯಿತು.

ಕೋಲಾರದಿಂದ: ಮುಗಿಯಲಿಲ್ಲ. ಬೇನೆ ಕನ್ನಡವೇ ಅಲ್ಲ, 'ವೇದನೆ'ಯ ತದ್ಭವ. ವನ ಬನವಾದಂತೆ ಇದೂ. 'ಕಣ್ಣುನೋವು' ಬರೆಯಿರಿ. ಇನ್ನು ವೈರಸ್ಸಿಗೆ 'ವೈರಾಣು' ಎಂದು ಬರೆಯುವವರಿಗೆ ನಾಚಿಕೆಯಾಗಬೇಕು. ಅಲ್ಲಿ ವೈರವೂ ಇಲ್ಲ, ಅಣುವೂ ಇಲ್ಲ. ಲ್ಯಾಟಿನ್ನಿನಲ್ಲಿ ವೈರಸ್ ಎಂದರೆ ವಿಷ. ವಿಷಕ್ಕೆ ನಮ್ಮ ಮಾತು ನಂಜು. 'ನಂಜುಳ' ಎನ್ನಿ. ಹತ್ತು ವರ್ಷದಿಂದ ಹೇಳುತ್ತಿದ್ದೇನೆ.

ಶಿರಾದಿಂದ: ಹೆರಿಗೆ ಬೇನೆ ತಿಂದ ತಾಯಂದಿರಿಗೆ ಅದು ಕನ್ನಡವಲ್ಲ ಎಂದು ನೀವೇ ಹೋಗಿ ಹೇಳಿ. 'ಬೀದಿ'ಯೂ ವೀಥಿಯ ತದ್ಭವ ಸ್ವಾಮಿ. ಇನ್ಮೇಲೆ ಮನೆಯಿಂದ ಹೊರಗೆ ಬರಬೇಡಿ.

ಚಿಕ್ಕಬಳ್ಳಾಪುರದಿಂದ: ನಾನು ನರ್ಸ್, ವ್ಯಾಕರಣ ಗೊತ್ತಿಲ್ಲ. ಆದರೆ ನಂಜು ಬರೆದರೆ ಬೋರ್ಡು ತಲೆಕೆಳಗಾಗುತ್ತದೆ. ನಮ್ಮಲ್ಲಿ 'ಗಾಯ ನಂಜಾಯ್ತು' ಅಂದರೆ ಕೀವು ಕಟ್ಟಿತು ಅಂತ. ಅದು ಬ್ಯಾಕ್ಟೀರಿಯಾದ ಕೆಲಸ. ವೈರಸ್ ಕಣ್ಣಿನಲ್ಲಿ ಸಾಮಾನ್ಯವಾಗಿ ನೀರು ಸುರಿಯುತ್ತದೆ. ಬ್ಯಾಕ್ಟೀರಿಯಾ ಆದರೆ ಹಳದಿ ಕೊಳೆ ಜಾಸ್ತಿ, ಬೆಳಿಗ್ಗೆ ರೆಪ್ಪೆ ಅಂಟಿಕೊಂಡಿರುತ್ತದೆ. ಗಟ್ಟಿ ನಿಯಮವೇನಲ್ಲ, ನೋಡಿದ ಮಾತ್ರಕ್ಕೆ ಹೇಳಲಾಗದ ಕೇಸೂ ಇರುತ್ತವೆ. 'ನಂಜಿಗೆ ಆ್ಯಂಟಿಬಯೋಟಿಕ್ ಬೇಡ' ಎಂದು ಓದಿದವರು ಕೀವಿಗೂ ಔಷಧಿ ಹಾಕಲ್ಲ. ಆ ಕೊಳೆಗೆ 'ಗೀಜು' ಅನ್ನಿ, ಮಕ್ಕಳಿಗೂ ಗೊತ್ತು.

ಕೋಲಾರದಿಂದ: ನಾನು ಹೇಳಿದ್ದು ನಂಜುಳ, ನಂಜಲ್ಲ.

ಚಿಕ್ಕಬಳ್ಳಾಪುರದಿಂದ: ಓದುವವರಿಗೆ ಎರಡೂ ಒಂದೇ.

ಚಿಂತಾಮಣಿಯಿಂದ: 'ಮದ್ರಾಸ್ ಐ' ಅಂತಲೇ ಹಾಕಿಬಿಡಿ. 2023ರ ಮಳೆಗಾಲದಲ್ಲಿ ಪೇಪರಿನವರೂ ಹಾಗೇ ಬರೆದರು. ಎಲ್ಲರಿಗೂ ಅರ್ಥವಾಯಿತು, ಅಲ್ವಾ?

ಕೋಲಾರದಿಂದ: ಬರೀ ಎರವಲು. ಅದರ ಮೇಲೆ ಪಕ್ಕದವರ ಊರಿಗೆ ಕಳಂಕ ಬೇರೆ.

ಶಿರಾದಿಂದ: ಊರೂರಲ್ಲೂ ಇದೇ ಕಥೆ. 1969ರಲ್ಲಿ ಘಾನಾದಲ್ಲಿ ರಕ್ತಗಣ್ಣಿನ ಬೇನೆ ಹಬ್ಬಿದಾಗ ಚಂದ್ರನ ಮೇಲೆ ಇಳಿದ ಅಪೋಲೋ ಹೆಸರು ಕಟ್ಟಿದರು. ಅದನ್ನು ತಂದದ್ದು ಎಂಟರೋವೈರಸ್ 70. 1971ರಲ್ಲಿ ಕಲ್ಕತ್ತೆಯವರು ಬಾಂಗ್ಲಾದಿಂದ ಗಡಿ ದಾಟಿ ಬಂದ ನಿರಾಶ್ರಿತರನ್ನು ನೋಡಿ ಕಣ್ಣುಬೇನೆಗೆ 'ಜಯ್ ಬಾಂಗ್ಲಾ' ಅಂದರು. ಹೆಸರಿಡುವಾಗ ಜನ ನಿಘಂಟು ನೋಡಲ್ಲ, ಬೇರೆಯವರ ಮೇಲೆ ಹೊರೆಸಲು ನೋಡುತ್ತಾರೆ.

ಕೋಲಾರದಿಂದ: ಹಾಗಾದರೆ ಈ ಪದಚರ್ಚೆಯನ್ನೇ ಮುಚ್ಚಿ. ಇಂಗ್ಲಿಷಿನಲ್ಲೇ ಬರೆದುಕೊಳ್ಳೋಣ.

ಕೇಳಿದವರು: ಜಗಳ ನಿಲ್ಲುವವರೆಗೆ ಪೇಂಟರ್ ಕಾಯುವುದಿಲ್ಲ. ಹೀಗೆ ಕೊಟ್ಟಿದ್ದೇನೆ: "ಕಣ್ಣುಬೇನೆ (ಮದ್ರಾಸ್ ಐ) ನೋಡಿದರೆ ಅಂಟುವುದಿಲ್ಲ, ಕೈಯಿಂದ, ಟವೆಲ್‌ನಿಂದ ಅಂಟುತ್ತದೆ. ವೈರಸ್‌ನಿಂದ ಬಂದದ್ದಕ್ಕೆ ಆ್ಯಂಟಿಬಯೋಟಿಕ್ ಡ್ರಾಪ್ಸ್ ಬೇಡ. ಗೀಜು ಜಾಸ್ತಿ ಇದ್ದರೆ, ಕಣ್ಣು ಮಂಜಾದರೆ ಒಳಗೆ ಬಂದು ತೋರಿಸಿ." ಗೀಜಿಗೆ ನರ್ಸಮ್ಮನವರಿಗೆ ಥ್ಯಾಂಕ್ಸ್.

ಕೋಲಾರದಿಂದ: ಡ್ರಾಪ್ಸ್‌ಗೆ 'ಹನಿ' ಎಂಬ ಮಾತಿದೆ.

ಕೇಳಿದವರು: ಇದನ್ನು ಮೊದಲೇ ಹೇಳಬಾರದಿತ್ತಾ ಸಾರ್? ಪೇಂಟ್ ಒಣಗಿ ಹೋಯಿತು.