ಸಹಾಯ ಬೇಕು: ಯುದ್ಧಕಾಲದ ನರ್ಸ್‌ಗಳ ಹಳೇ ಫೋಟೋ

ಎಲ್ಲರಿಗೂ ನಮಸ್ಕಾರ. ನಾನು ನರ್ಸಿಂಗ್ ಮೂರನೇ ವರ್ಷ ಓದುತ್ತಿದ್ದೇನೆ. ಯುದ್ಧಕಾಲದ ಚಿತ್ರಗಳಿಂದ ಜನ ನರ್ಸ್‌ಗಳನ್ನು ಹೇಗೆ ನೋಡತೊಡಗಿದರು ಅಂತ ಕಾಲೇಜಿನಲ್ಲಿ ಒಂದು ಪ್ರದರ್ಶನ ಮಾಡುತ್ತಿದ್ದೇವೆ.

1855ರಲ್ಲಿ ಲಂಡನ್ನಿನ ಸಚಿತ್ರ ಪತ್ರಿಕೆಯೊಂದು ಕ್ರಿಮಿಯನ್ ಯುದ್ಧದಲ್ಲಿ ಗಾಯಾಳು ಸೈನಿಕರ ಆರೈಕೆ ಮಾಡಿದ ನರ್ಸ್ ಫ್ಲಾರೆನ್ಸ್ ನೈಟಿಂಗೇಲ್ ದೀಪ ಹಿಡಿದಿರುವ ಚಿತ್ರ ಅಚ್ಚು ಹಾಕಿತು. ಆಮೇಲೆ ಎಷ್ಟೋ ಚಿತ್ರಗಳಲ್ಲಿ ಅವರ ಕೈಗೆ ಅಲ್ಲಾವುದ್ದೀನನ ದೀಪದಂಥದ್ದು ಬಂತು. ಅವರು ಕೆಲಸ ಮಾಡಿದ ಟರ್ಕಿಯ ಸ್ಕುಟಾರಿ ಸೇನಾ ಆಸ್ಪತ್ರೆಯಲ್ಲಿ ನಿಜವಾಗಿ ಇದ್ದದ್ದು ಮಡಚುವ ಟರ್ಕಿ ಲಾಟೀನು!

ನನ್ನನ್ನು ಜಾಸ್ತಿ ಕಾಡಿದ್ದು 1918ರ ಅಮೆರಿಕದ ರೆಡ್ ಕ್ರಾಸ್ ಪೋಸ್ಟರ್. ಫೋರಿಂಜರ್ ಅನ್ನೋ ಕಲಾವಿದ ಬರೆದದ್ದು. ದೊಡ್ಡ ಆಕೃತಿಯ ನರ್ಸ್. ಮಡಿಲಲ್ಲಿ ಸ್ಟ್ರೆಚರ್, ಅದರ ಮೇಲೆ ಬೊಂಬೆಯಷ್ಟು ಪುಟ್ಟ ಸೈನಿಕ. ಅವಳು ನೋಡುತ್ತಿರುವುದು ಆಕಾಶವನ್ನು, ಗಾಯವನ್ನಲ್ಲ. ಪೋಸ್ಟರಿನಲ್ಲಿ ‘ಜಗತ್ತಿನ ಅತಿ ಶ್ರೇಷ್ಠ ತಾಯಿ’ ಅಂತ ಬರೆದು ಗೌರವ ಕೊಟ್ಟರು, ಸರಿ. ಆದರೆ ಅವಳು ಕಲಿತ ವಿದ್ಯೆ ಆ ಚಿತ್ರದಲ್ಲಿ ಎಲ್ಲಿದೆ? ವಾರ್ಡಿನಲ್ಲಿ ರಾತ್ರಿಯಿಡೀ ಡ್ರಿಪ್ ಲೆಕ್ಕ ನೋಡುವವರಿಗೆ ಇದು ನೋವಾಗುತ್ತದೆ, ಅಲ್ವಾ?

ಅದಕ್ಕೇ ಕೇಳುತ್ತಿದ್ದೇನೆ. ನಿಮ್ಮ ಅಜ್ಜಿಯೋ ದೊಡ್ಡಮ್ಮನೋ ಎರಡನೇ ಮಹಾಯುದ್ಧದ ಹೊತ್ತಿಗೆ ನರ್ಸ್ ಆಗಿದ್ದರಾ? ಸ್ಟುಡಿಯೋದಲ್ಲಿ ತೆಗೆಸಿದ್ದಲ್ಲ, ಕೆಲಸ ಮಾಡುತ್ತಿರುವ ಫೋಟೋ ಇದ್ದರೆ ದಯವಿಟ್ಟು ಸ್ಕ್ಯಾನ್ ಮಾಡಿ ಕಳಿಸಿ. ಆ ಕಾಲದ ಕನ್ನಡ ಪತ್ರಿಕೆಗಳಲ್ಲಿ ಬಂದ ನರ್ಸ್‌ಗಳ ಚಿತ್ರ, ಜಾಹೀರಾತು ಎಲ್ಲಿ ಸಿಗುತ್ತೆ ಅಂತ ಗೊತ್ತಿದ್ದವರೂ ತಿಳಿಸಿ. ಮಸುಕಾಗಿದ್ದರೂ ಪರವಾಗಿಲ್ಲ.