ಮಕ್ಕಳ ವಿಜ್ಞಾನ ಸಮಾವೇಶಕ್ಕೆ ಮಣ್ಣಿನ ಯೋಜನೆ: ಎರೆ ಮತ್ತು ಮಸಾರಿ ಹೋಲಿಕೆ ಹೇಗೆ ಮಾಡಿಸಬೇಕು?

ಪ್ರಶ್ನೆ – ಪ್ರೌಢಶಾಲಾ ವಿಜ್ಞಾನ ಶಿಕ್ಷಕಿ, ಗದಗ ಜಿಲ್ಲೆ

ಮಾನ್ಯರೇ, ನಮ್ಮ ರಾಜ್ಯದಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ನಡೆಸುವ ಮಕ್ಕಳ ವಿಜ್ಞಾನ ಸಮಾವೇಶಕ್ಕೆ ಒಂಬತ್ತನೆಯ ತರಗತಿಯ ಇಬ್ಬರು ವಿದ್ಯಾರ್ಥಿನಿಯರನ್ನು ಸಿದ್ಧಗೊಳಿಸುತ್ತಿದ್ದೇನೆ. ನಮ್ಮೂರಿನಲ್ಲಿ ಹಳ್ಳದ ಕಡೆಗೆ ಎರೆ (ಕಪ್ಪು ಮಣ್ಣಿನ) ಹೊಲಗಳೂ ದಿಬ್ಬದ ಕಡೆಗೆ ಮಸಾರಿ (ಕೆಂಪು ಮಣ್ಣಿನ) ಹೊಲಗಳೂ ಇರುವುದರಿಂದ ಎರಡನ್ನೂ ಹೋಲಿಸಬೇಕೆಂಬುದು ಅವರ ಆಸೆ. ಯೋಜನೆಗೆ ‘ಎರೆ ಮತ್ತು ಮಸಾರಿ ಮಣ್ಣಿನ ತುಲನಾತ್ಮಕ ಅಧ್ಯಯನ’ ಎಂದು ತಲೆಬರಹ ಇಟ್ಟುಕೊಂಡಿದ್ದಾರೆ. ಶಾಲೆಯಲ್ಲಿರುವುದು ಒಂದು ತಕ್ಕಡಿ, ಕೆಲವು ಅಳತೆ ಜಾಡಿಗಳು ಮತ್ತು ಲಿಟ್ಮಸ್ ಕಾಗದ ಮಾತ್ರ. ಮಣ್ಣು ಪರೀಕ್ಷಾ ಕೇಂದ್ರಕ್ಕೆ ಮಾದರಿ ಕಳುಹಿಸಿ ವರದಿ ತರಿಸಿದರೆ ಸಾಕೇ, ಅಥವಾ ಮಕ್ಕಳೇ ಕೈಯಾರೆ ಮಾಡಬಹುದಾದ ಪ್ರಯೋಗಗಳಿವೆಯೇ?

ಉತ್ತರ 1 – ನಿವೃತ್ತ ಶಿಕ್ಷಕ, ಧಾರವಾಡ

ಮೇಡಂ, ‘ಎರೆ ಮತ್ತು ಮಸಾರಿ ಮಣ್ಣಿನ ತುಲನಾತ್ಮಕ ಅಧ್ಯಯನ’ ಎಂಬ ತಲೆಬರಹದಲ್ಲಿ ಪ್ರಶ್ನೆಯೇ ಇಲ್ಲ. ಪ್ರಶ್ನೆ ಇಲ್ಲದ ಯೋಜನೆಯಲ್ಲಿ ಮಕ್ಕಳು ಸಿಕ್ಕಿದ್ದನ್ನೆಲ್ಲ ಅಳೆದು ಚಾರ್ಟಿಗೆ ತುಂಬುತ್ತಾರೆ. ನಿಮ್ಮ ಸೀಮೆಯ ರೈತರು ದಿನವೂ ಆಡಿಕೊಳ್ಳುವ ಒಂದು ಸಂಗತಿಯನ್ನೇ ಹಿಡಿಯಿರಿ: ಮಳೆನೀರು ಹಿಡಿದಿಡಲು ಮಸಾರಿಯಲ್ಲಿ ತೋಡಿದ ಕೃಷಿಹೊಂಡಕ್ಕೆ ಪ್ಲಾಸ್ಟಿಕ್ ಹಾಳೆ ಹಾಸದಿದ್ದರೆ ನೀರು ನಿಲ್ಲುವುದಿಲ್ಲ, ಎರೆಯಲ್ಲಿ ತೋಡಿದ ಹೊಂಡದಲ್ಲಿ ಹಾಳೆಯಿಲ್ಲದೆಯೂ ನಿಲ್ಲುತ್ತದೆ. ಏಕೆ? ಈ ಒಂದು ‘ಏಕೆ’ಗೆ ಉತ್ತರ ಹುಡುಕಲು ಹೊರಟರೆ ಯಾವುದನ್ನು ಅಳೆಯಬೇಕು, ಯಾವುದನ್ನು ಬಿಡಬೇಕು ಎಂಬುದು ತಾನಾಗಿ ತೀರ್ಮಾನವಾಗುತ್ತದೆ. ಹೊಲದ ಮಾಲೀಕರನ್ನೂ ಮಾತನಾಡಿಸಲಿ. ಶೇಂಗಾ ಮಸಾರಿಗೆ, ಹಿಂಗಾರಿಯ ಬಿಳಿಜೋಳ ಮತ್ತು ಕಡಲೆ ಎರೆಗೆ ಎಂದು ಅವರು ಹೇಳುವುದರ ಹಿಂದೆಯೂ ಮಣ್ಣಿನ ಗುಣವೇ ಇದೆ.

ದಿನಚರಿ ಪುಸ್ತಕವನ್ನು ಹೊಲದಲ್ಲಿಯೇ ಬರೆಯಿಸಿ. ಮನೆಗೆ ಬಂದು ಅಂದವಾಗಿ ನಕಲು ಮಾಡಿದ ಪುಸ್ತಕಕ್ಕಿಂತ ಮಣ್ಣಿನ ಬೆರಳಚ್ಚು ಬಿದ್ದ ಪುಸ್ತಕವನ್ನೇ ಅನುಭವಸ್ಥ ತೀರ್ಪುಗಾರರು ನಂಬುತ್ತಾರೆ.

ಉತ್ತರ 2 – ಮಣ್ಣು ವಿಜ್ಞಾನದ ಸ್ನಾತಕೋತ್ತರ ವಿದ್ಯಾರ್ಥಿ

ಹಿರಿಯರು ಹೇಳಿದ ಹೊಂಡದ ಪ್ರಶ್ನೆ ಬಹಳ ಚೆನ್ನಾಗಿದೆ. ಅದಕ್ಕೆ ನಿಮ್ಮಲ್ಲಿರುವ ಸಲಕರಣೆಗಳು ಸಾಕು.

ಮೊದಲು ಮಾದರಿ ತೆಗೆಯುವ ಕ್ರಮ. ಪ್ರತಿ ಬಗೆಯ ಮಣ್ಣಿಗೆ ಕನಿಷ್ಠ ಮೂರು ಹೊಲಗಳಿರಲಿ. ಒಂದೊಂದೇ ಹೊಲವನ್ನು ಹೋಲಿಸಿದರೆ ಕಂಡ ವ್ಯತ್ಯಾಸ ಮಣ್ಣಿನದೋ ಆ ರೈತರ ಬೇಸಾಯದ್ದೋ ಹೇಳಲಾಗದು. ಬದು, ಮರದ ಬುಡ ಮತ್ತು ತಿಪ್ಪೆಯ ಜಾಗಗಳನ್ನು ಬಿಟ್ಟು, ಅಂಕುಡೊಂಕಾಗಿ ನಡೆಯುತ್ತಾ 10ರಿಂದ 15 ಕಡೆ ಇಂಗ್ಲಿಷಿನ ‘ವಿ’ ಆಕಾರದಲ್ಲಿ 15 ಸೆಂ.ಮೀ. ಆಳದ ಗುಂಡಿ ತೆಗೆದು, ಅದರ ಪಕ್ಕದಿಂದ ಮೇಲಿನಿಂದ ಕೆಳಗಿನವರೆಗೆ ಒಂದೇ ದಪ್ಪದ ಹೋಳು ಕೆತ್ತಿಕೊಳ್ಳಬೇಕು. ಎಲ್ಲವನ್ನೂ ಬೆರೆಸಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲುಗಳನ್ನು ಚೆಲ್ಲುತ್ತಾ ಅರ್ಧ ಕೆ.ಜಿ.ಗೆ ಇಳಿಸಿ ನೆರಳಿನಲ್ಲಿ ಒಣಗಿಸಬೇಕು. ನಿಮ್ಮದು ಹೊಂಡದ ಪ್ರಶ್ನೆಯಾದ್ದರಿಂದ ಹೊಂಡದ ಗೋಡೆಯಿಂದಲೂ ಪ್ರತ್ಯೇಕವಾಗಿ ಮಣ್ಣು ತೆಗೆಯಿರಿ.

ಜಾಡಿಯಲ್ಲಿ ಮಣ್ಣನ್ನು ನೀರಿನೊಂದಿಗೆ ಕಲಕಿ ನಿಲ್ಲಿಸುವ ಪ್ರಯೋಗ ಎಲ್ಲರಿಗೂ ಗೊತ್ತು. ಕಣ ಇಳಿಯುವ ವೇಗವು ಅದರ ವ್ಯಾಸದ ವರ್ಗಕ್ಕೆ ಅನುಗುಣವಾಗಿರುವುದರಿಂದ ಮರಳು ಕ್ಷಣಗಳಲ್ಲಿ ತಳ ಸೇರುತ್ತದೆ, ರೇವೆ (ಮರಳಿಗಿಂತ ಸಣ್ಣ, ಜೇಡಿಗಿಂತ ದೊಡ್ಡ ಕಣ) ನಿಧಾನಿಸುತ್ತದೆ, 0.002 ಮಿ.ಮೀ.ಗಿಂತ ಸಣ್ಣದಾದ ಜೇಡಿ ಕಣಗಳು ದಿನ ಕಳೆದರೂ ತೇಲುತ್ತಲೇ ಇರುತ್ತವೆ. ಆದರೆ ಬರೀ ನೀರಿನಲ್ಲಿ ಎರೆ ಮಣ್ಣಿನ ಜೇಡಿ ಕಣಗಳು ಒಂದಕ್ಕೊಂದು ಅಂಟಿಕೊಂಡು ರೇವೆಯಂತೆ ಬೇಗ ಇಳಿದುಬಿಡುತ್ತವೆ. ಒಂದು ಚಿಟಿಕೆ ವಾಷಿಂಗ್ ಸೋಡಾ ಹಾಕಿದರೆ ಬಿಡಿಬಿಡಿಯಾಗುತ್ತವೆ.

ನನಗೆ ಹೆಚ್ಚು ಇಷ್ಟವಾದದ್ದು ಉಬ್ಬುವಿಕೆಯ ಪ್ರಯೋಗ. ನುಣ್ಣಗೆ ಜರಡಿ ಹಿಡಿದ ಒಣ ಮಣ್ಣನ್ನು ತಲಾ 10 ಗ್ರಾಂ ತೂಗಿ, ಒಂದು ಅಳತೆ ಜಾಡಿಗೆ ಭಟ್ಟಿ ಇಳಿಸಿದ ನೀರಿನೊಂದಿಗೂ ಇನ್ನೊಂದಕ್ಕೆ ಸೀಮೆಎಣ್ಣೆಯೊಂದಿಗೂ ಹಾಕಿ, ಗಾಳಿ ಹೋಗುವಂತೆ ಕಲಕಿ 24 ಗಂಟೆ ಬಿಡಬೇಕು. ಸೀಮೆಎಣ್ಣೆಯಲ್ಲಿ ಜೇಡಿ ಉಬ್ಬುವುದಿಲ್ಲ, ನೀರಿನಲ್ಲಿ ಉಬ್ಬುತ್ತದೆ. ಸೀಮೆಎಣ್ಣೆಯಲ್ಲಿ ಮಣ್ಣಿನ ಗಾತ್ರ 10 ಮಿ.ಲೀ., ನೀರಿನಲ್ಲಿ 17 ಮಿ.ಲೀ. ಎಂದಿಟ್ಟುಕೊಂಡರೆ ಉಬ್ಬುವಿಕೆ ಶೇ. 70. ಎರೆಯಲ್ಲಿರುವ ಮಾಂಟ್ಮೊರಿಲೊನೈಟ್ ಖನಿಜದ ಪದರಗಳ ನಡುವೆ ನೀರು ನುಗ್ಗಿ ಅವುಗಳನ್ನು ದೂರ ತಳ್ಳುತ್ತದೆ. ಮಸಾರಿಯಲ್ಲಿ ಹೆಚ್ಚಾಗಿರುವ ಕಯೋಲಿನೈಟ್‌ನ ಪದರಗಳು ಬಿಗಿಯಾಗಿ ಹಿಡಿದುಕೊಂಡಿರುವುದರಿಂದ ನೀರಿಗೆ ದಾರಿ ಇರುವುದಿಲ್ಲ. ಸೀಮೆಎಣ್ಣೆಯನ್ನು ಮಾತ್ರ ನೀವೇ ನಿಭಾಯಿಸಿ.

ಕೊನೆಯದಾಗಿ, ಎರಡೂ ಬದಿ ತೆರೆದ ದೊಡ್ಡ ಡಬ್ಬಿಯೊಂದನ್ನು ನೆಲಕ್ಕೆ 5 ಸೆಂ.ಮೀ. ಇಳಿಯುವಂತೆ ಬಡಿದು, ನೀರು ತುಂಬಿ, ಮಟ್ಟ ಇಳಿಯುವುದನ್ನು ಅಳತೆಪಟ್ಟಿಯಿಂದ ಗುರುತಿಸಿದರೆ ನೀರು ಇಂಗುವ ವೇಗ ಸಿಗುತ್ತದೆ.

ಉತ್ತರ 3 – ಸಮಾವೇಶಗಳಿಗೆ ಮಾರ್ಗದರ್ಶಕಿಯಾಗಿರುವ ಶಿಕ್ಷಕಿ, ತುಮಕೂರು

ಪರೀಕ್ಷಾ ಕೇಂದ್ರದ ವರದಿಯನ್ನು ಪೂರ್ತಿ ಕೈಬಿಡಬೇಡಿ ಎಂಬುದು ನನ್ನ ಸಲಹೆ. 2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಕಾರ್ಡಿನಲ್ಲಿ ರಸಸಾರ (ಪಿ.ಎಚ್.), ಲವಣಾಂಶ, ಸಾವಯವ ಇಂಗಾಲ ಸೇರಿ 12 ಅಂಶಗಳಿರುತ್ತವೆ. ಆ ಹೊಲದವರ ಬಳಿ ಕಾರ್ಡ್ ಇದ್ದರೆ ಕೇಳಿ ನೋಡಿ, ಇಲ್ಲವಾದರೆ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ಆದರೆ ವರದಿಯಲ್ಲಿರುವ ಅಂಕಿಯನ್ನು ಮಕ್ಕಳು ಓದಿ ಒಪ್ಪಿಸುವಂತಾಗಬಾರದು. ಸಾವಯವ ಇಂಗಾಲ ಶೇ. 0.5ಕ್ಕಿಂತ ಕಡಿಮೆ ಇದ್ದರೆ ‘ಕಡಿಮೆ’, 0.75ನ್ನು ಮೀರಿದರೆ ‘ಹೆಚ್ಚು’ ಎಂಬುದಾದರೂ ಅವರಿಗೆ ತಿಳಿದಿರಲಿ. ‘ಮಣ್ಣು ಕಪ್ಪಗಿದೆಯಲ್ಲ, ಸಾವಯವ ಅಂಶ ಹೆಚ್ಚೇ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಎರೆ ಭೂಮಿಯಲ್ಲಿ ಸಾವಯವ ಇಂಗಾಲ ಅನೇಕ ಕಡೆ ಕಡಿಮೆಯೇ. ಬಣ್ಣ ನೋಡಿ ಫಲವತ್ತತೆ ಹೇಳಲಾಗದು.

ಇನ್ನೊಂದು ಮಾತು. ಕಪ್ಪು ಮಣ್ಣೆಲ್ಲ ದಖ್ಖನ್ನಿನ ಲಾವಾ ಶಿಲೆಯಿಂದಲೇ ಆದದ್ದೆಂದು ಮಕ್ಕಳು ಕಂಠಪಾಠ ಹೇಳಿಬಿಡುತ್ತಾರೆ. ಗದಗ ಸುತ್ತಿನ ಬಂಡೆಗಳು ಬಹುಪಾಲು ಶಿಸ್ಟ್ ಮತ್ತು ನೈಸ್ ಎಂಬ ರೂಪಾಂತರಿತ ಶಿಲೆಗಳು, ದಖ್ಖನ್ನಿನ ಲಾವಾ ಅಲ್ಲ. ತಮ್ಮೂರಿನ ಬಂಡೆ ಯಾವುದೆಂದು ಮಕ್ಕಳು ನೋಡಿಕೊಂಡು ಹೋಗಲಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಡಬ್ಬಿಯ ಪ್ರಯೋಗವನ್ನು ನಿನ್ನೆಯೇ ಮಾಡಿ ನೋಡಿದೆವು. ಮಸಾರಿಗಿಂತ ಎರೆ ಹೊಲದಲ್ಲಿಯೇ ನೀರು ಬೇಗ ಇಂಗಿಹೋಯಿತು! ಹೊಂಡದಲ್ಲಿ ನಿಲ್ಲುವ ನೀರು ಹೊಲದಲ್ಲಿ ಏಕೆ ನಿಲ್ಲಲಿಲ್ಲ ಎಂದು ಹುಡುಗಿಯರು ಕೇಳುತ್ತಿದ್ದಾರೆ.

ಉತ್ತರ 2 – ಮತ್ತೆ

ಆ ಹೊಲ ಒಣಗಿ ಬಿರುಕು ಬಿಟ್ಟಿರಬೇಕು. ಹಾಗಿದ್ದರೆ ಮೊದಲ ಸಲ ಹಾಕಿದ ನೀರು ಮಣ್ಣಿನಲ್ಲಿ ಇಂಗಿದ್ದಲ್ಲ, ಬಿರುಕಿನೊಳಗೆ ಇಳಿದುಹೋದದ್ದು. ಅದೇ ಜಾಗದಲ್ಲಿ ಡಬ್ಬಿ ಕದಲಿಸದೆ ಮತ್ತೆ ಮತ್ತೆ ನೀರು ತುಂಬುತ್ತಾ, ಪ್ರತಿ ಸಲ ಹಿಡಿದ ಸಮಯವನ್ನು ಬರೆದುಕೊಳ್ಳಲಿ. ಮಣ್ಣು ಉಬ್ಬಿ ಬಿರುಕು ಮುಚ್ಚಿದಂತೆ ವೇಗ ಕುಸಿಯುತ್ತಾ ಹೋಗುತ್ತದೆ. ಹೊಂಡದಲ್ಲಿ ನೀರು ನಿಲ್ಲುವುದೂ ಹೀಗೆಯೇ. ಮಸಾರಿಯಲ್ಲಿ ಅಷ್ಟು ಕುಸಿಯುವುದಿಲ್ಲ. ನಿನ್ನೆಯ ಅಳತೆಯನ್ನು ಹೊಡೆದುಹಾಕಬೇಡಿ; ಅದನ್ನೇ ಆಲೇಖದ ಮೊದಲ ಬಿಂದುವಾಗಿ ಇಟ್ಟುಕೊಳ್ಳಿ, ಉಬ್ಬುವಿಕೆಯ ಪ್ರಯೋಗದ ಫಲಿತಾಂಶವನ್ನು ಅದರ ಪಕ್ಕದಲ್ಲಿಯೇ ತೋರಿಸಿ.