ಅಟ್ಟದ ಮೇಲೆ ಸಿಕ್ಕಿದ ದೊಡ್ಡಪ್ಪನ ಪಾಲಿಸಿ

(ಹನುಮಂತನಗರದ ಹಳೆ ಮನೆ ಖಾಲಿ ಮಾಡಿದ ಭಾನುವಾರ ನಮ್ಮ ಮನೆಯವರ ಗುಂಪಿನಲ್ಲಿ ನಡೆದದ್ದು. ನಡುವೆ ಬಂದ ಶುಭೋದಯದ ಹೂವುಗಳನ್ನು ತೆಗೆದುಹಾಕಿದ್ದೇನೆ.)

ರಘು: [ಫೋಟೋ] ಅಟ್ಟದ ಮೇಲಿನ ಟ್ರಂಕಿನಲ್ಲಿ, ಹಳೆ ಪಂಚಾಂಗದೊಳಗೆ ಸಿಕ್ಕಿತು. ಅಪ್ಪನ ಇನ್ಶೂರೆನ್ಸ್ ಬಾಂಡ್. 1996ರದ್ದು, 20 ವರ್ಷದ್ದು, 1 ಲಕ್ಷ. ನಮಗ್ಯಾರಿಗೂ ಗೊತ್ತೇ ಇರಲಿಲ್ಲ.

ಸೀನು ಚಿಕ್ಕಪ್ಪ: (ಫಾರ್ವರ್ಡ್) ಗಮನಿಸಿ!! ತೀರಿಕೊಂಡ 3 ವರ್ಷದೊಳಗೆ ಕ್ಲೇಮ್ ಮಾಡದಿದ್ದರೆ ವಿಮೆ ಹಣ ಸರ್ಕಾರದ ಪಾಲು!! ಎಲ್ಲರಿಗೂ ಕಳಿಸಿ.

ಸೀನು ಚಿಕ್ಕಪ್ಪ: ಅಣ್ಣ ಹೋಗಿ 14 ವರ್ಷ ಆಯ್ತಲ್ಲಪ್ಪ. ಕಟ್ಟು ಹಾಕಿಸಿ ಗೋಡೆಗೆ ನೇತುಹಾಕು.

ಪದ್ದಿ ಅತ್ತೆ: ಸೀನು, ಅತ್ತಿಗೆ ಈ ಗುಂಪಿನಲ್ಲೇ ಇದ್ದಾರೆ. ನೋಡಿ ಮಾತಾಡು.

ನಾನು: ಚಿಕ್ಕಪ್ಪ, ಆ ಫಾರ್ವರ್ಡ್ ತಪ್ಪು. 3 ವರ್ಷದ ಲೆಕ್ಕ ಇರುವುದು ಕಂಪನಿಗೆ. ಪಾಲಿಸಿ ಶುರುವಾಗಿ 3 ವರ್ಷ ದಾಟಿದ ಮೇಲೆ ‘ನೀವು ಕಾಯಿಲೆ ಮುಚ್ಚಿಟ್ಟಿದ್ದಿರಿ’ ಅಂತ ತಕರಾರು ತೆಗೆಯುವ ಹಾಗಿಲ್ಲ. ವಿಮಾ ಕಾಯ್ದೆಯ 45ನೇ ಸೆಕ್ಷನ್. ಬರೀ ತಡವಾಯಿತು ಅಂತ ಕ್ಲೇಮ್ ತಳ್ಳಬೇಡಿ, ಯಾಕೆ ತಡವಾಯಿತು ಅಂತ ವಿಚಾರಿಸಿ ಎಂದು ವಿಮಾ ಕಂಪನಿಗಳನ್ನು ನಿಯಂತ್ರಿಸುವ ಐಆರ್‌ಡಿಎಐ 2011ರಲ್ಲೇ ಕಂಪನಿಗಳಿಗೆ ಹೇಳಿದೆ.

ಸೀನು ಚಿಕ್ಕಪ್ಪ: ಹಾಗಾದರೆ ಸರ್ಕಾರಕ್ಕೆ ಹೋಗುತ್ತದೆ ಅನ್ನುವುದು ಸುಳ್ಳಾ?

ನಾನು: ಅರ್ಧ ನಿಜ. ಯಾರೂ ಕೇಳದ ಹಣ 10 ವರ್ಷ ಕಳೆದರೆ ಹಿರಿಯ ನಾಗರಿಕರ ಕಲ್ಯಾಣ ನಿಧಿಗೆ ಹೋಗುತ್ತದೆ. ಆಮೇಲೂ 25 ವರ್ಷ ವಾಪಸ್ ಕೇಳಬಹುದು. ಅರ್ಜಿ ಅದೇ ಕಂಪನಿಗೇ ಕೊಡಬೇಕು.

ಸೀನು ಚಿಕ್ಕಪ್ಪ: ಸರಿ. ಗಾಂಧಿ ಬಜಾರಿನಲ್ಲಿ ನನಗೆ ಗೊತ್ತಿರುವವರೊಬ್ಬರು ಇದ್ದಾರೆ. ನೂರಕ್ಕೆ 25 ತಗೊಂಡು ಕೆಲಸ ಮಾಡಿಸಿಕೊಡುತ್ತಾರೆ.

ರಘು: ಫಾರ್ಮ್ ತುಂಬುವುದಕ್ಕೆ ಕಾಲು ಭಾಗವಾ?

ಸೀನು ಚಿಕ್ಕಪ್ಪ: ಬಾಂಡ್ ಸರಿಯಾಗಿ ನೋಡು. ನಾಮಿನಿ ನಮ್ಮಮ್ಮ. ಅಮ್ಮನ ಹಣ ಅಂದರೆ ನನಗೂ ಪದ್ದಿಗೂ ಪಾಲು ಬರಬೇಕಲ್ವಾ?

ಪದ್ದಿ ಅತ್ತೆ: ನನ್ನ ಹೆಸರು ಎಳೆಯಬೇಡ.

(ಇಲ್ಲಿ ಹತ್ತು ನಿಮಿಷ ಯಾರೂ ಏನೂ ಬರೆಯಲಿಲ್ಲ. ಮೂರು ಜನ ‘ಟೈಪಿಂಗ್’ ಅಂತ ಮಾತ್ರ ತೋರಿಸುತ್ತಿತ್ತು.)

ನಾನು: ಅಜ್ಜಿ ಹೋಗಿದ್ದು 2005ರಲ್ಲಿ. ದೊಡ್ಡಪ್ಪನಿಗಿಂತ ಮುಂಚೆ. ನಾಮಿನಿ ಮೊದಲೇ ಹೋದರೆ ಹಣ ಪಾಲಿಸಿದಾರರ ವಾರಸುದಾರರಿಗೆ. ಅಂದರೆ ದೊಡ್ಡಮ್ಮ, ರಘು, ಶೈಲಾ. ಹೆಂಡತಿ ಮಕ್ಕಳಿರುವಾಗ ಅಣ್ಣತಮ್ಮಂದಿರ ಸರದಿ ಬರುವುದಿಲ್ಲ.

ಸೀನು ಚಿಕ್ಕಪ್ಪ: ನಾನು ಸುಮ್ನೆ ಕೇಳಿದೆ ಅಷ್ಟೆ. ಆದರೆ ಕಂತು ನಿಂತುಹೋಗಿದ್ದರೆ? ಅಣ್ಣ ಕೊನೆಕೊನೆಗೆ ಎಲ್ಲಿ ಕಟ್ಟುತ್ತಿದ್ದ?

ಇದು ಮಾತ್ರ ಒಳ್ಳೆಯ ಪ್ರಶ್ನೆ. ನಾನೂ ಅದಕ್ಕೇ ಹೆದರಿದ್ದೆ.

ರಘು: [ಫೋಟೋ] ಅದೇ ಪಂಚಾಂಗದ ಕೊನೆ ಪುಟದಲ್ಲಿ ಇತ್ತು. ಒಂದು ಮೂಲೆಗೆ ಅರಿಶಿನ ಹತ್ತಿದೆ. ಮಾರ್ಚ್ 2011ರ ರಸೀದಿ. ಆರು ತಿಂಗಳ ಕಂತು. ಮುಂದಿನದು ಸೆಪ್ಟೆಂಬರ್.

ಪದ್ದಿ ಅತ್ತೆ: ಅಣ್ಣ ಹೋಗಿದ್ದು ಜುಲೈನಲ್ಲಿ.

ನಾನು: ಮುಗೀತು. ಪಾಲಿಸಿ ಚಾಲ್ತಿಯಲ್ಲಿತ್ತು. ಪೂರ್ತಿ 1 ಲಕ್ಷದ ಜೊತೆಗೆ ಅಲ್ಲಿಯವರೆಗಿನ ಬೋನಸ್ಸನ್ನೂ ಕೇಳೋಣ. ರಘು, ಡೆತ್ ಸರ್ಟಿಫಿಕೇಟ್ ಎರಡನ್ನೂ, ಅಜ್ಜಿಯದೂ ಸೇರಿ, ತೆಗೆದಿಡು. ವಂಶವೃಕ್ಷ ನಾಡಕಚೇರಿಯಲ್ಲಿ ಆಗುತ್ತದೆ. ಬಾಂಡಿನಲ್ಲಿ ‘ವೆಂಕಟೇಶಮೂರ್ತಿ’, ಸರ್ಟಿಫಿಕೇಟಿನಲ್ಲಿ ‘ವೆಂಕಟೇಶ್’ ಅಂತಿದೆ. ಅದಕ್ಕೊಂದು ಅಫಿಡವಿಟ್ ಬೇಕಾಗುತ್ತದೆ. ಯಾಕೆ ತಡವಾಯಿತು ಅಂತ ಒಂದು ಪತ್ರ: ಬಾಂಡ್ ಇರುವುದೇ ಗೊತ್ತಿರಲಿಲ್ಲ, ಈಗ ಸಿಕ್ಕಿತು. ಇದ್ದದ್ದು ಇದ್ದ ಹಾಗೆ ಬರಿ.

ಸೀನು ಚಿಕ್ಕಪ್ಪ: ಕೌಂಟರಿನಲ್ಲಿ ಓಡಾಡಿಸುತ್ತಾರೆ, ನೋಡುತ್ತಿರಿ.

ನಾನು: ಅರ್ಜಿಗೆ ಸ್ವೀಕೃತಿ ಸೀಲ್ ಹಾಕಿಸಿಕೊಳ್ಳೋಣ. ಆಗಲ್ಲ ಅಂದರೆ ಕಂಪನಿಗೇ ಲಿಖಿತ ದೂರು ಕೊಡೋಣ. ಒಂದು ತಿಂಗಳು ಉತ್ತರ ಬರದಿದ್ದರೆ ಜೆ.ಪಿ. ನಗರದಲ್ಲೇ ಇಂಥ ದೂರು ವಿಚಾರಿಸುವ ವಿಮಾ ಒಂಬುಡ್ಸ್‌ಮನ್ ಕಚೇರಿ ಇದೆ. ಫೀಸಿಲ್ಲ, ವಕೀಲರೂ ಬೇಡ. ನಿಮ್ಮ ಗಾಂಧಿ ಬಜಾರಿನವರೂ ಬೇಡ.

ಸೀನು ಚಿಕ್ಕಪ್ಪ: 🙏

ದೊಡ್ಡಮ್ಮ: ಎಲ್ಲ ಓದಿದೆ. ನಾಳೆ ಸೋಮವಾರ, ರಾಹುಕಾಲ 9ಕ್ಕೆ ಮುಗಿಯುತ್ತದೆ. ಆಮೇಲೆ ಹೊರಡೋಣ. ಸೀನು, ನಿನ್ನ ಕಾರು ತಗೊಂಡು ಬಾ. ರಘು, ಆ ರಸೀದಿ ಜೆರಾಕ್ಸ್ ಮಾಡಿಸು. ಹಿಂದುಗಡೆ ಅವರ ಕೈಬರಹದಲ್ಲಿ ದಿನಸಿ ಚೀಟಿ ಇದೆ, ಅದನ್ನೂ.